ದೇಹವೇ ವೈರಸ್ಸನ್ನು ಓಡಿಸುವುದಾದರೆ ಗರ್ಭಕಂಠದ ಕ್ಯಾನ್ಸರ್ ಯಾಕೆ ಬರುತ್ತದೆ?

ಪ್ರಶ್ನೆ: ನನಗೆ 38 ವರ್ಷ. ಗರ್ಭಕಂಠದ ತಪಾಸಣೆಯಲ್ಲಿ ಎಚ್‌ಪಿವಿ ಪಾಸಿಟಿವ್ ಎಂದು ಬಂದಿದೆ. 16 ಮತ್ತು 18ನೇ ಬಗೆಗಳಲ್ಲ, ಬೇರೆ ಅಪಾಯಕಾರಿ ಬಗೆ ಎಂದು ವರದಿಯಲ್ಲಿದೆ. ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ ಸರಿಯಾಗಿದೆ. ‘ಔಷಧ ಬೇಡ, ದೇಹವೇ ವೈರಸ್ಸನ್ನು ಓಡಿಸುತ್ತದೆ, ಒಂದು ವರ್ಷ ಬಿಟ್ಟು ಬನ್ನಿ’ ಎಂದು ವೈದ್ಯರು ಹೇಳಿದ್ದಾರೆ. ದೇಹಕ್ಕೆ ಅಷ್ಟು ಶಕ್ತಿ ಇದ್ದರೆ ಕ್ಯಾನ್ಸರ್ ಯಾಕೆ ಬರುತ್ತದೆ? ನನ್ನ ರೋಗನಿರೋಧಕ ಶಕ್ತಿ ಕಡಿಮೆಯೇ? ಬಂಧುಗಳೊಬ್ಬರು ಇಮ್ಯುನಿಟಿ ಹೆಚ್ಚಿಸುವ ಪುಡಿ ತಂದುಕೊಟ್ಟಿದ್ದಾರೆ, ತೆಗೆದುಕೊಳ್ಳಲೇ? ಈಗ ನಾನು ಲಸಿಕೆ ಹಾಕಿಸಿಕೊಂಡರೆ ಪ್ರಯೋಜನವಿದೆಯೇ? ಮಗಳಿಗೆ 11 ವರ್ಷ, ಅವಳಿಗೆ ಹಾಕಿಸಬೇಕೇ?

ಉತ್ತರ: ನಿಮ್ಮ ವರದಿ ಒಂದು ಸೋಂಕಿನ ವಿಷಯ ಹೇಳುತ್ತಿದೆ, ಅಷ್ಟೇ. ಕ್ಯಾನ್ಸರ್ ಇದೆ ಎಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಲೈಂಗಿಕ ಸಂಪರ್ಕಕ್ಕೆ ಬಂದ ಹೆಣ್ಣು ಗಂಡುಗಳಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ವಯಸ್ಸಿನಲ್ಲಿ ತಗಲಿಯೇ ಇರುತ್ತದೆ. ಹೀಗೆ ತಗಲಿದ ಸೋಂಕುಗಳಲ್ಲಿ ಹತ್ತಕ್ಕೆ ಒಂಬತ್ತು ಎರಡು ವರ್ಷದೊಳಗೆ ಪರೀಕ್ಷೆಗೆ ಸಿಗದಷ್ಟು ಅಡಗಿಹೋಗುತ್ತವೆ.

ನೀವು ಕೇಳಿಲ್ಲ, ಆದರೂ ಒಂದು ಮಾತು ಹೇಳಲೇಬೇಕು. ಈ ವೈರಸ್ ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳಬಲ್ಲ ಪರೀಕ್ಷೆ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಹತ್ತು ವರ್ಷದ ಹಿಂದೆ ಬಂದದ್ದು ಈಗ ಪರೀಕ್ಷೆಯಲ್ಲಿ ಕಾಣಿಸಿಕೊಂಡಿರಬಹುದು. ಈ ವರದಿಯನ್ನು ಮುಂದಿಟ್ಟುಕೊಂಡು ಮನೆಯಲ್ಲಿ ಒಬ್ಬರ ನಡತೆಯನ್ನು ಇನ್ನೊಬ್ಬರು ಪ್ರಶ್ನಿಸುವುದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ಹೆಣ್ಣುಮಕ್ಕಳು ತಪಾಸಣೆಯ ಕಡೆಗೆ ಸುಳಿಯುವುದಿಲ್ಲ. ಅದು ನನಗೆ ವೈರಸ್ಸಿಗಿಂತ ಹೆಚ್ಚು ನೋವು ಕೊಡುವ ಸಂಗತಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಈ ವೈರಸ್ ಎಲ್ಲಿ ವಾಸಿಸುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಗರ್ಭಕಂಠದ ಮೇಲ್ಮೈಯಲ್ಲಿ ಜೀವಕೋಶಗಳು ಹಲವು ಪದರಗಳಾಗಿ ಇರುತ್ತವೆ. ತಳದ ಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತವೆ, ನಿಧಾನವಾಗಿ ಮೇಲಕ್ಕೆ ಸರಿಯುತ್ತವೆ, ಕೊನೆಗೆ ಸತ್ತು ಉದುರುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ತರಚು ಗಾಯದ ಮೂಲಕ ಎಚ್‌ಪಿವಿ ತಳದ ಪದರಕ್ಕೆ ಇಳಿಯುತ್ತದೆ. ಅಲ್ಲಿ ತನ್ನ ಕೆಲವೇ ಪ್ರತಿಗಳನ್ನು ಇಟ್ಟುಕೊಂಡು ಸದ್ದಿಲ್ಲದೆ ಇರುತ್ತದೆ. ಆ ಕೋಶ ಮೇಲಕ್ಕೆ ಸರಿದಂತೆ ಅದರೊಂದಿಗೆ ವೈರಸ್ಸೂ ಸರಿಯುತ್ತದೆ. ಹೇಗೂ ಉದುರಲಿರುವ ಮೇಲಿನ ಪದರ ತಲುಪಿದ ಮೇಲಷ್ಟೇ ಅದು ಸಾವಿರಾರು ಪ್ರತಿಗಳಾಗಿ ಬೆಳೆಯುತ್ತದೆ, ಹೊರಕವಚ ಕಟ್ಟಿಕೊಳ್ಳುತ್ತದೆ, ಉದುರುವ ಕೋಶದೊಂದಿಗೆ ಹೊರಬೀಳುತ್ತದೆ. ಒಂದು ಸುತ್ತಿಗೆ ಸುಮಾರು ಮೂರು ವಾರ.

ಇಷ್ಟು ಕಾಲದಲ್ಲಿ ಅದು ರಕ್ತಕ್ಕೆ ಇಳಿಯುವುದಿಲ್ಲ. ಯಾವ ಕೋಶವನ್ನೂ ಒಡೆದು ಸಾಯಿಸುವುದಿಲ್ಲ. ಫ್ಲೂ ಅಥವಾ ಡೆಂಗಿ ಬಂದಾಗ ಜ್ವರ, ಮೈಕೈ ನೋವು, ಊತ ಬರುತ್ತವಲ್ಲ, ಅವು ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚರಗೊಂಡಿದೆ ಎಂಬುದರ ಲಕ್ಷಣಗಳು. ಕೋಶಗಳು ಒಡೆದು ಸತ್ತಾಗ ಒಳಗಿನ ವಸ್ತುಗಳು ಹೊರಚೆಲ್ಲಿ ಆ ಎಚ್ಚರಿಕೆ ಹುಟ್ಟುತ್ತದೆ. ಎಚ್‌ಪಿವಿ ಆ ಸಂದರ್ಭವನ್ನೇ ಒದಗಿಸುವುದಿಲ್ಲ. ನಿಮಗೆ ಯಾವ ಲಕ್ಷಣವೂ ಕಾಣದೆ ಇದ್ದದ್ದಕ್ಕೆ ಕಾರಣ ಇದೇ. ನಿಮಗೆ ತಿಳಿಯದಂತೆ ನಿಮ್ಮ ರೋಗನಿರೋಧಕ ವ್ಯವಸ್ಥೆಗೂ ಬಹಳ ಕಾಲ ತಿಳಿದಿರುವುದಿಲ್ಲ.

ಅದು ಸಾಲದು ಎಂಬಂತೆ ವೈರಸ್ ಇನ್ನೂ ಕೆಲವು ಕೆಲಸ ಮಾಡುತ್ತದೆ. ವೈರಸ್ ಹೊಕ್ಕ ಕೋಶ ಸಾಮಾನ್ಯವಾಗಿ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳಿಗೆ ಅಪಾಯದ ಸೂಚನೆ ಕೊಡುತ್ತದೆ. ಎಚ್‌ಪಿವಿಯ ಇ6 ಮತ್ತು ಇ7 ಎಂಬ ಎರಡು ಪ್ರೋಟೀನುಗಳು ಆ ಸೂಚನೆಯನ್ನು ಅಡಗಿಸುತ್ತವೆ. ಇದರ ಜೊತೆಗೆ ನಮ್ಮ ಹೆಚ್ಚುಕಡಿಮೆ ಪ್ರತಿಯೊಂದು ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು, ಅಂಗಡಿಯವರು ಸರಕಿನ ಮಾದರಿಯನ್ನು ಬಾಗಿಲ ಮುಂದೆ ತೂಗುಹಾಕುವ ಹಾಗೆ, ಹೊರಮೈಮೇಲೆ ಪ್ರದರ್ಶಿಸುತ್ತಲೇ ಇರುತ್ತದೆ. ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಓಡಾಡುತ್ತ ಇದನ್ನೇ ತಪಾಸಿಸುತ್ತವೆ. ಪರಕೀಯ ಚೂರು ಕಂಡರೆ ಆ ಕೋಶವನ್ನು ಕೊಲ್ಲುತ್ತವೆ. ಎಚ್‌ಪಿವಿಯ ಇ5 ಎಂಬ ಇನ್ನೊಂದು ಪ್ರೋಟೀನು ಈ ಪ್ರದರ್ಶನವನ್ನೇ ತಗ್ಗಿಸುತ್ತದೆ. ಸುಮಾರು ಎಂಟು ಸಾವಿರ ಅಕ್ಷರಗಳಷ್ಟು ಉದ್ದದ ಡಿಎನ್‌ಎಯ, ಬೆರಳೆಣಿಕೆಯ ವಂಶವಾಹಿಗಳ ಪುಟ್ಟ ವೈರಸ್ಸಿಗೆ ಇಷ್ಟೆಲ್ಲ ಸಾಧ್ಯವಾಗಿರುವುದು ಲಕ್ಷಾಂತರ ವರ್ಷ ಮನುಷ್ಯನ ಮತ್ತು ಅವನ ಪೂರ್ವಜರ ಮೈಯಲ್ಲಿ ಬದುಕಿ ಪಳಗಿದ್ದರಿಂದ.

ಹಾಗಾದರೆ ಹತ್ತಕ್ಕೆ ಒಂಬತ್ತು ಸೋಂಕುಗಳು ಹೋಗುವುದು ಹೇಗೆ? ಕಾಲ ಕಳೆದಂತೆ, ಒಂದಲ್ಲ ಒಂದು ಹಂತದಲ್ಲಿ, ಆ ಪದರದಲ್ಲೇ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳಂಥವು ವೈರಸ್ಸಿನ ಪ್ರೋಟೀನನ್ನು ಎತ್ತಿಕೊಂಡು ಸಮೀಪದ ದುಗ್ಧ ಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಆ ಚೂರಿಗೆ ಸರಿಹೊಂದುವ ಟಿ ಕೋಶಗಳು ಸಿಗುತ್ತವೆ, ಸಂಖ್ಯೆಯಲ್ಲಿ ಬೆಳೆಯುತ್ತವೆ, ಗರ್ಭಕಂಠಕ್ಕೆ ಮರಳುತ್ತವೆ. ಕೆಲವು ಸೋಂಕಿತ ಕೋಶಗಳನ್ನು ಕೊಲ್ಲುತ್ತವೆ, ಕೆಲವು ವೈರಸ್ಸಿನ ಚಟುವಟಿಕೆಯನ್ನು ಅಡಗಿಸುವ ರಾಸಾಯನಿಕಗಳನ್ನು ಸುರಿಸುತ್ತವೆ. ಇದು ಜ್ವರವಿಲ್ಲದೆ, ನೋವಿಲ್ಲದೆ, ತಿಂಗಳುಗಟ್ಟಲೆ ನಡೆಯುವ ಕೆಲಸ. ನಿಮ್ಮ ವೈದ್ಯರು ಒಂದು ವರ್ಷ ಕೊಟ್ಟಿರುವುದು ಇದಕ್ಕೇ. ಕೆಲವರಲ್ಲಿ ವೈರಸ್ ಪೂರ್ತಿ ನಾಶವಾಗದೆ ತಳದ ಪದರದಲ್ಲಿ ಅಡಗಿ ಉಳಿಯುವುದೂ ಉಂಟು. ಟಿ ಕೋಶಗಳು ಸರಿಯಾಗಿರುವವರೆಗೆ ಅದು ಸಾಮಾನ್ಯವಾಗಿ ತಲೆಯೆತ್ತುವುದಿಲ್ಲ.

ಉಳಿದ ಹತ್ತನೇ ಒಂದರಲ್ಲಿ ತೊಂದರೆ ಶುರುವಾಗುತ್ತದೆ. ವರ್ಷಗಟ್ಟಲೆ ಕೂತ ವೈರಸ್ ಕೆಲವೊಮ್ಮೆ ತನ್ನ ವಂಶವಾಹಿಯನ್ನು ನಮ್ಮ ಕೋಶದ ಡಿಎನ್‌ಎಯೊಳಗೆ ಹೊಲಿದುಬಿಡುತ್ತದೆ. ಆಗ ಇ6, ಇ7 ಪ್ರೋಟೀನುಗಳು ಲಂಗುಲಗಾಮಿಲ್ಲದೆ ತಯಾರಾಗುತ್ತವೆ. ಡಿಎನ್‌ಎ ಕೆಟ್ಟ ಕೋಶವನ್ನು ನಿಲ್ಲಿಸುವ ಅಥವಾ ಸಾಯಿಸುವ ಪಿ53 ಎಂಬ ಪ್ರೋಟೀನನ್ನು ಇ6 ನಾಶಮಾಡುತ್ತದೆ. ಕೋಶ ವಿಭಜನೆಗೆ ತಡೆಹಾಕುವ ಆರ್‌ಬಿ ಎಂಬ ಪ್ರೋಟೀನನ್ನು ಇ7 ಕಟ್ಟಿಹಾಕುತ್ತದೆ. ತಡೆಯೂ ಇಲ್ಲದ, ಸಾವೂ ಇಲ್ಲದ ಕೋಶ ವಿಭಜನೆಯಾಗುತ್ತ ಹೋಗಿ ಒಂದರ ಮೇಲೊಂದು ದೋಷ ಸೇರಿಸಿಕೊಳ್ಳುತ್ತದೆ. ಇಷ್ಟಾಗಿಯೂ ಆರೋಗ್ಯವಂತ ಹೆಂಗಸಿನಲ್ಲಿ ಇದು ಕ್ಯಾನ್ಸರ್ ಮಟ್ಟ ಮುಟ್ಟಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಚಿಕಿತ್ಸೆ ಸಿಗದ ಎಚ್‌ಐವಿ ಸೋಂಕಿನಿಂದ ಟಿ ಕೋಶಗಳು ಕುಗ್ಗಿದವರಲ್ಲಿ 5ರಿಂದ 10 ವರ್ಷ ಸಾಕು. ಅಂದರೆ ಆ ನಡುವಿನ ವರ್ಷಗಳಲ್ಲಿಯೂ ದೇಹ ಕೈಕಟ್ಟಿ ಕೂತಿರುವುದಿಲ್ಲ.

ಇದಕ್ಕೆ ಸಾಕ್ಷಿ ನ್ಯೂಜಿಲೆಂಡಿನ ಆಕ್ಲೆಂಡ್ ನಗರದಿಂದ ಬಂದಿದೆ, ನಡೆಯಲೇಬಾರದಿದ್ದ ಒಂದು ಪ್ರಸಂಗದಿಂದ. 1960ರ ದಶಕದ ನಡುವಿನಿಂದ ಅಲ್ಲಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ, ಕ್ಯಾನ್ಸರಿಗೆ ತೀರಾ ಹತ್ತಿರದ ಹಂತದಲ್ಲಿದ್ದ ಹಲವು ಮಹಿಳೆಯರಿಗೆ ಪೂರ್ಣ ಚಿಕಿತ್ಸೆ ಕೊಡದೆ ಬರೇ ಗಮನಿಸುತ್ತ ಹೋದರು, ಅದೂ ಅವರಿಗೆ ತಿಳಿಸದೆ. 1987ರಲ್ಲಿ ಅದರ ಮೇಲೆ ಸರ್ಕಾರಿ ವಿಚಾರಣೆ ನಡೆಯಿತು. ನಂತರ ದಾಖಲೆಗಳನ್ನು ಪರಿಶೀಲಿಸಿದಾಗ, ಸರಿಯಾದ ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳ ಅವಧಿಯಲ್ಲಿ ನೂರಕ್ಕೆ ಸುಮಾರು 31 ಮಂದಿಗೆ ಕ್ಯಾನ್ಸರ್ ಆಗಿತ್ತು. ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆ ಹಂತ ತಲುಪಿದ ಮೇಲೂ ಬಹಳಷ್ಟು ಮಂದಿಯಲ್ಲಿ ರೋಗ ಮುಂದುವರಿಯಲಿಲ್ಲ ಎಂಬುದು ನಿಜ. ಆದರೆ ಯಾರಲ್ಲಿ ಮುಂದುವರಿಯುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಆದ್ದರಿಂದ ಆ ಹಂತ ಕಂಡರೆ ದೇಹಕ್ಕೆ ಬಿಡುವ ಮಾತೇ ಇಲ್ಲ, ತೆಗೆದುಹಾಕಬೇಕು. ನೀವು ಆ ಹಂತದಿಂದ ಬಹಳ ದೂರದಲ್ಲಿದ್ದೀರಿ.

‘ನನ್ನ ರೋಗನಿರೋಧಕ ಶಕ್ತಿ ಕಡಿಮೆಯೇ’ ಎಂದು ಕೇಳಿದ್ದೀರಿ. ಎಚ್‌ಐವಿ ಇರುವವರು, ಮೂತ್ರಪಿಂಡ ಕಸಿಯ ನಂತರ ಪ್ರತಿರೋಧ ತಗ್ಗಿಸುವ ಮಾತ್ರೆ ನುಂಗುವವರು, ಅಂಥವೇ ಕೆಲವು ಔಷಧಗಳನ್ನು ದೀರ್ಘಕಾಲ ತೆಗೆದುಕೊಳ್ಳುವವರು: ಇವರಲ್ಲಿ ಮಾತ್ರ ಆ ಮಾತಿಗೆ ಅರ್ಥವಿದೆ. ಎಚ್‌ಐವಿ ಇರುವ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಆರು ಪಟ್ಟು ಹೆಚ್ಚು. ಉಳಿದವರಲ್ಲಿ ಸೋಂಕು ಉಳಿದುಕೊಂಡಿತೆಂದರೆ ಮೈಯಲ್ಲಿ ಶಕ್ತಿ ಇಲ್ಲ ಎಂದಲ್ಲ. ಪ್ರೋಟೀನಿನ ಚೂರನ್ನು ಕೋಶದ ಹೊರಮೈಯಲ್ಲಿ ಎತ್ತಿಹಿಡಿಯುವ ಅಣುಗಳು ಮನುಷ್ಯರಿಂದ ಮನುಷ್ಯರಿಗೆ ಬೇರೆ ಬೇರೆ. ಕೆಲವರ ಅಣುಗಳಿಗೆ ಎಚ್‌ಪಿವಿಯ ಚೂರು ಚೆನ್ನಾಗಿ ಹೊಂದುತ್ತದೆ, ಕೆಲವರದಕ್ಕೆ ಹೊಂದುವುದಿಲ್ಲ. ಇದು ಹುಟ್ಟಿನಿಂದ ಬಂದದ್ದು. ಇದೇ ಹೆಂಗಸು ನೆಗಡಿ, ಫ್ಲೂ, ಕೋವಿಡ್‌ಗಳನ್ನೆಲ್ಲ ಸಲೀಸಾಗಿ ದಾಟಿರಬಹುದು.

ಹೀಗಿರುವಾಗ ಪುಡಿ ಏನು ಮಾಡೀತು? ಕಾಣದ ವೈರಸ್ಸನ್ನು ಕಾಣುವಂತೆ ಮಾಡುವ ಶಕ್ತಿ ಯಾವ ಪುಡಿಗೂ, ಕಷಾಯಕ್ಕೂ, ವಿಟಮಿನ್ ಮಾತ್ರೆಗೂ ಇರುವುದು ಸಾಬೀತಾಗಿಲ್ಲ. ರೋಗನಿರೋಧಕ ವ್ಯವಸ್ಥೆ ಒಟ್ಟಾಗಿ ‘ಹೆಚ್ಚಿಸಲು’ ಬರುವ ಒಂದೇ ಶಕ್ತಿಯೂ ಅಲ್ಲ. ಹೆಚ್ಚಾದರೆ ಅದು ಒಳ್ಳೆಯದೂ ಅಲ್ಲ. ಇದಕ್ಕೆ ಹೆಪಟೈಟಿಸ್ ಬಿ ನೋಡಿ. ಅದೂ ಕ್ಯಾನ್ಸರ್ ತರುವ ವೈರಸ್ಸೇ. ಅದು ಯಕೃತ್ತಿನ ಕೋಶಗಳನ್ನು ತಾನಾಗಿ ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮದೇ ಟಿ ಕೋಶಗಳು. ಅವು ವೈರಸ್ಸನ್ನು ಕಾಣುತ್ತವೆ, ಸೋಂಕಿತ ಕೋಶಗಳನ್ನು ಸಾಯಿಸುತ್ತವೆ, ಆದರೆ ಕೆಲಸ ಮುಗಿಸಲಾಗದೆ ಸೋತುಹೋಗುತ್ತವೆ. ಯಕೃತ್ತು ಮತ್ತೆ ಬೆಳೆಯುತ್ತದೆ, ಮತ್ತೆ ಕೊಲೆ, ಮತ್ತೆ ಬೆಳವಣಿಗೆ. ದಶಕಗಳ ಕಾಲ ಇದೇ ನಡೆದು ಯಕೃತ್ತು ಗಟ್ಟಿಯಾಗಿ ಕ್ಯಾನ್ಸರಿಗೆ ನೆಲೆಯಾಗುತ್ತದೆ. ಹುಟ್ಟುವಾಗ ತಾಯಿಯಿಂದ ಸೋಂಕು ತಗಲಿದ ಶಿಶುಗಳಲ್ಲಿ ನೂರಕ್ಕೆ 90ರಷ್ಟು ಮಂದಿಯಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಮಂದಿಯಲ್ಲಿ. ನಮ್ಮ ಆಸ್ಪತ್ರೆಗಳಲ್ಲಿ ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಕೊಡುವುದು ಈ ಕಾರಣಕ್ಕೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಈ ಲಸಿಕೆ ಶುರುಮಾಡಿತು. ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಕುಸಿದದ್ದು ಲಸಿಕೆಯಿಂದ ಕ್ಯಾನ್ಸರ್ ತಡೆಯಬಹುದು ಎಂಬುದಕ್ಕೆ ಮೊದಲ ದೊಡ್ಡ ಪುರಾವೆ.

ಎಪ್‌ಸ್ಟೀನ್-ಬಾರ್ ವೈರಸ್ಸಿನದು ಮೂರನೆಯ ರೀತಿ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಅದು ಜೀವನಪೂರ್ತಿ ಇರುತ್ತದೆ, ನಿಮ್ಮಲ್ಲಿಯೂ ನನ್ನಲ್ಲಿಯೂ ಇರುವ ಸಂಭವವೇ ಹೆಚ್ಚು. ಟಿ ಕೋಶಗಳು ಅದನ್ನು ಪ್ರತಿದಿನ ಹತೋಟಿಯಲ್ಲಿಡುತ್ತವೆ. ಅಂಗಾಂಗ ಕಸಿಯಾದವರಿಗೆ ಟಿ ಕೋಶಗಳನ್ನು ಕುಗ್ಗಿಸುವ ಮಾತ್ರೆ ಕೊಟ್ಟಾಗ ಕೆಲವರಲ್ಲಿ ಈ ವೈರಸ್ಸಿನಿಂದ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್, ಹುಟ್ಟುತ್ತದೆ. ಆಗ ವೈದ್ಯರು ಮೊದಲು ಮಾಡುವುದು ಆ ಮಾತ್ರೆಯ ಪ್ರಮಾಣ ತಗ್ಗಿಸುವುದು. ಬೇರೆ ಯಾವ ಔಷಧವೂ ಇಲ್ಲದೆ, ಬರೇ ಅಷ್ಟರಿಂದಲೇ, ಕೆಲವರ ಗೆಡ್ಡೆ ಕರಗಿಹೋಗುತ್ತದೆ. ಕ್ಯಾನ್ಸರಿನ ವಿರುದ್ಧ ನಮ್ಮ ದೇಹ ಏನು ಮಾಡಬಲ್ಲದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಇನ್ನೊಂದು ನಿದರ್ಶನ ನನಗೆ ಗೊತ್ತಿಲ್ಲ.

ಈಗ ಲಸಿಕೆ. ಇಲ್ಲಿ ಒಂದು ವಿಚಿತ್ರವಿದೆ. ಎಚ್‌ಪಿವಿ ಸೋಂಕು ತಗಲಿದ ಹೆಂಗಸರಲ್ಲಿ ಎಲ್ಲರಿಗೂ ವೈರಸ್ಸನ್ನು ಹಿಡಿಯುವ ಪ್ರತಿಕಾಯಗಳು (ಆಂಟಿಬಾಡಿ) ಹುಟ್ಟುವುದಿಲ್ಲ, ಹುಟ್ಟಿದರೂ ಪ್ರಮಾಣ ಅತಿ ಕಡಿಮೆ. ಹಾಗಾಗಿ ಒಮ್ಮೆ ಬಂದು ಹೋದ ಬಗೆಯೇ ಮತ್ತೆ ಬರಬಹುದು. ಅದೇ ವೈರಸ್ಸಿನ ಹೊರಕವಚವನ್ನು ಸ್ನಾಯುವಿಗೆ ಚುಚ್ಚಿದರೆ ಅದಕ್ಕಿಂತ ಹಲವು ಪಟ್ಟು ಪ್ರತಿಕಾಯಗಳು ಹುಟ್ಟಿ ವರ್ಷಾನುಗಟ್ಟಲೆ ಉಳಿಯುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಜೋ ಕಂಡುಕೊಂಡದ್ದು ಈ ಕವಚ ಕಟ್ಟುವ ದಾರಿಯನ್ನು. ಎಲ್1 ಎಂಬ ಒಂದೇ ಪ್ರೋಟೀನಿನ 360 ಪ್ರತಿಗಳು ತಾವಾಗಿ ಕೂಡಿಕೊಂಡು ಗೋಲವಾಗುತ್ತವೆ. ಒಳಗೆ ವೈರಸ್ಸಿನ ಡಿಎನ್‌ಎ ಇರುವುದಿಲ್ಲ, ಆದ್ದರಿಂದ ಸೋಂಕು ತಗಲಿಸಲು ಸಾಧ್ಯವೇ ಇಲ್ಲ. ಒಂದೇ ಆಕಾರ ಒತ್ತೊತ್ತಾಗಿ ನೂರಾರು ಸಲ ಎದುರಾದಾಗ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬಲವಾಗಿ ಕೆರಳುತ್ತವೆ. ಅವುಗಳಲ್ಲಿ ಕೆಲವು ಮೂಳೆಯ ಮಜ್ಜೆಯಲ್ಲಿ ನೆಲೆಸಿ ಪ್ರತಿಕಾಯ ಸುರಿಸುತ್ತಲೇ ಇರುತ್ತವೆ. ವೈರಸ್ ಒಳಹೊಗಲು ತರಚು ಗಾಯ ಬೇಕು ಎಂದೆನಲ್ಲ, ಅದೇ ಗಾಯದಲ್ಲಿ ಒಸರುವ ರಕ್ತದ್ರವದೊಂದಿಗೆ ಈ ಪ್ರತಿಕಾಯಗಳೂ ಬಂದು, ವೈರಸ್ ಕೋಶಕ್ಕೆ ಅಂಟುವ ಮೊದಲೇ ಅದನ್ನು ಹಿಡಿಯುತ್ತವೆ.

ಈ ವಿವರದಲ್ಲೇ ನಿಮ್ಮ ಪ್ರಶ್ನೆಗೂ ಉತ್ತರವಿದೆ. ಲಸಿಕೆಯ ಪ್ರತಿಕಾಯಗಳು ಹಿಡಿಯುವುದು ಕೋಶದ ಹೊರಗಿರುವ ವೈರಸ್ಸನ್ನು. ನಿಮ್ಮಲ್ಲಿ ಅದು ಈಗಾಗಲೇ ಒಳಗಿದೆ, ತಳದ ಪದರದಲ್ಲಿ ಆ ಹೊರಕವಚದ ಪ್ರೋಟೀನು ತಯಾರಾಗುವುದೂ ಇಲ್ಲ. ಆದ್ದರಿಂದ ಈಗಿನ ಸೋಂಕನ್ನು ಲಸಿಕೆ ಹೊರಗಟ್ಟುವುದಿಲ್ಲ. ನಿಮಗೆ ತಗಲದ ಬೇರೆ ಬಗೆಗಳಿಂದ ರಕ್ಷಣೆ ಸಿಕ್ಕೀತು, ಆದರೆ ನಿಮ್ಮ ವಯಸ್ಸಿನಲ್ಲಿ ಆ ಲಾಭ ಚಿಕ್ಕದು. ಆ ಹಣವನ್ನು ಮಗಳ ಲಸಿಕೆಗೆ ಎತ್ತಿಡಿ ಎಂಬುದು ನನ್ನ ಸಲಹೆ.

ಮಗಳಿಗೆ ಖಂಡಿತ ಹಾಕಿಸಿ, ಈಗಲೇ ಹಾಕಿಸಿ. ವೈರಸ್ ಎದುರಾಗುವ ಮೊದಲು, 9ರಿಂದ 14ರ ವಯಸ್ಸಿನಲ್ಲಿ, ಇದರ ಫಲ ಅತ್ಯಂತ ಹೆಚ್ಚು. ‘ಇಷ್ಟು ಚಿಕ್ಕ ಹುಡುಗಿಗೆ ಯಾಕೆ’ ಎಂದು ಕೇಳುವವರಿಗೆ ಇಷ್ಟು ಹೇಳಿ: ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 70ರಷ್ಟನ್ನು ತರುವ 16 ಮತ್ತು 18ನೇ ಬಗೆಗಳನ್ನು ತಡೆಯಲು ಈ ವಯಸ್ಸೇ ಸರಿಯಾದದ್ದು. ಸ್ವೀಡನ್‌ನಲ್ಲಿ 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಈ ಕ್ಯಾನ್ಸರ್ ನೂರಕ್ಕೆ 88ರಷ್ಟು ಕಡಿಮೆಯಾಗಿತ್ತು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಎಷ್ಟು ಡೋಸ್ ಎಂಬುದಕ್ಕೆ ಉತ್ತರ ದೊರಕಿಸಿಕೊಡುವಲ್ಲಿ ನಮ್ಮ ದೇಶದ ಹುಡುಗಿಯರ ದೊಡ್ಡ ಪಾಲಿದೆ. ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ತಿಳಿಯಲು 2009ರಲ್ಲಿ ಭಾರತದ ಹಲವು ಕೇಂದ್ರಗಳಲ್ಲಿ ಅಧ್ಯಯನ ಶುರುವಾಗಿತ್ತು. ಅದೇ ಹೊತ್ತಿಗೆ ಖಮ್ಮಂ ಮತ್ತು ವಡೋದರಾದಲ್ಲಿ ನಡೆಯುತ್ತಿದ್ದ ಬೇರೊಂದು ಎಚ್‌ಪಿವಿ ಲಸಿಕಾ ಯೋಜನೆಯಲ್ಲಿ ಕೆಲವು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ಸರ್ಕಾರದ ತನಿಖೆ ಹೇಳಿತು. ಆದರೆ ಪೋಷಕರ ಒಪ್ಪಿಗೆ ಪಡೆದ ರೀತಿಯಲ್ಲಿ ಲೋಪಗಳಿದ್ದವು ಎಂದೂ ಹೇಳಿತು, ಅದು ಸರಿಯಾದ ಟೀಕೆ. 2010ರಲ್ಲಿ ಎಲ್ಲ ಎಚ್‌ಪಿವಿ ಲಸಿಕಾ ಅಧ್ಯಯನಗಳೂ ನಿಂತವು. ಆ ಹೊತ್ತಿಗೆ ಡೋಸ್‌ಗಳ ಅಧ್ಯಯನದಲ್ಲಿದ್ದ ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಅವರನ್ನು ಗಮನಿಸಿದಾಗ, ಪ್ರತಿಕಾಯಗಳ ಮಟ್ಟ ಎರಡು ಮೂರು ಡೋಸ್ ಪಡೆದವರಿಗಿಂತ ತಗ್ಗಿದ್ದರೂ ಸ್ಥಿರವಾಗಿ ಉಳಿದಿತ್ತು, 16 ಮತ್ತು 18ನೇ ಬಗೆಯ ದೀರ್ಘ ಸೋಂಕಿನಿಂದ ರಕ್ಷಣೆ ನೂರಕ್ಕೆ 95ರಷ್ಟಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಡುಗಿಯರಿಗೆ ಒಂದು ಡೋಸ್ ಕೂಡ ಸಾಕಾಗಬಹುದು ಎಂದು ಒಪ್ಪುವುದರ ಹಿಂದೆ ಇವರ ರಕ್ತದ ಮಾದರಿಗಳಿವೆ. ನಿಮ್ಮ ಮಗಳಿಗೆ ಒಂದೋ ಎರಡೋ ಎಂಬುದನ್ನು ಮಕ್ಕಳ ವೈದ್ಯರು ಹೇಳುತ್ತಾರೆ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿದೆ, ಅದು ವಿದೇಶಿ ಲಸಿಕೆಗಿಂತ ಅಗ್ಗ. ಲಸಿಕೆ ಹಾಕಿಸಿಕೊಂಡವಳಿಗೂ 30 ದಾಟಿದ ಮೇಲೆ ತಪಾಸಣೆ ಬೇಕು, ಲಸಿಕೆಯಲ್ಲಿ ಇಲ್ಲದ ಅಪಾಯಕಾರಿ ಬಗೆಗಳೂ ಇವೆ.

ಈಗ ನೀವು ಮಾಡಬೇಕಾದದ್ದು. ವರ್ಷದ ನಂತರದ ಪರೀಕ್ಷೆಯನ್ನು ತಪ್ಪಿಸಬೇಡಿ. 30 ದಾಟಿದವರಲ್ಲಿ ಕಂಡ ಸೋಂಕು ಹೊಸದೋ ಹಳೆಯದೋ ತಿಳಿಯುವುದಿಲ್ಲ, ಹಳೆಯದಾದಷ್ಟೂ ಅದು ತಾನಾಗಿ ಹೋಗುವ ಸಾಧ್ಯತೆ ಕಡಿಮೆ. ಆಗಲೂ ಪಾಸಿಟಿವ್ ಬಂದರೆ ಕಾಲ್ಪೊಸ್ಕೋಪಿ ಮಾಡಿ ಗರ್ಭಕಂಠವನ್ನು ದೊಡ್ಡದಾಗಿ ಕಾಣಿಸುವ ಉಪಕರಣದಿಂದ ನೋಡುತ್ತಾರೆ, ಬೇಕಾದರೆ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ನಿಮ್ಮ ವರದಿಯಲ್ಲಿ 16 ಅಥವಾ 18 ಇದ್ದಿದ್ದರೆ ಪ್ಯಾಪ್ ಸರಿಯಿದ್ದರೂ ಅದನ್ನು ಈಗಲೇ ಮಾಡುತ್ತಿದ್ದರು. ಕಲಬುರಗಿ, ಬೀದರ್‌ಗಳಿಗೆ ಅಂಟಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ ಲಕ್ಷಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರ ನಡುವೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಮ್ಮೆ ಮಾತ್ರ ಎಚ್‌ಪಿವಿ ಪರೀಕ್ಷೆ ಮಾಡಿ ಪಾಸಿಟಿವ್ ಬಂದವರಲ್ಲಿ ಬೇಕಾದವರಿಗೆ ಸರಿಯಾದ ಚಿಕಿತ್ಸೆ ಕೊಟ್ಟದ್ದರಿಂದಲೇ ಈ ಕ್ಯಾನ್ಸರಿನ ಸಾವುಗಳು ಅರ್ಧದಷ್ಟು ತಗ್ಗಿದವು. ಆ ಪರೀಕ್ಷೆ ನಿಮಗೆ ಈಗಾಗಲೇ ಆಗಿದೆ. ನಿಮ್ಮ ಅಕ್ಕತಂಗಿಯರು, ನಾದಿನಿಯರು 30 ದಾಟಿದ್ದರೆ ಅವರನ್ನೂ ಕರೆದೊಯ್ಯಿರಿ.

ತಂಬಾಕು ಯಾವ ರೂಪದಲ್ಲಿದ್ದರೂ ಬಿಡಿ. ಸಿಗರೇಟಿನ ರಾಸಾಯನಿಕಗಳು ಗರ್ಭಕಂಠದ ಲೋಳೆಯವರೆಗೂ ತಲುಪುತ್ತವೆ, ಅಲ್ಲಿನ ಕಾವಲು ಕೋಶಗಳನ್ನು ಕುಗ್ಗಿಸುತ್ತವೆ. ಪುಡಿ ಬೇಡ. ಅದರಲ್ಲಿ ಏನೇನು ಬೆರೆಸಿದ್ದಾರೆ ಎಂದು ತಿಳಿಯದೆ ವರ್ಷವಿಡೀ ನುಂಗುವುದು ಯಕೃತ್ತಿಗೆ ಒಳ್ಳೆಯದಲ್ಲ, ‘ಪುಡಿ ತೆಗೆದುಕೊಳ್ಳುತ್ತಿದ್ದೇನಲ್ಲ’ ಎಂಬ ಧೈರ್ಯದಲ್ಲಿ ಮುಂದಿನ ಪರೀಕ್ಷೆ ಮರೆತುಹೋಗುವ ಅಪಾಯವೂ ಇದೆ. ಸಂಭೋಗದ ನಂತರ ರಕ್ತ ಕಂಡರೆ, ಮುಟ್ಟಿನ ದಿನಗಳ ನಡುವೆ ರಕ್ತಸ್ರಾವವಾದರೆ, ದುರ್ವಾಸನೆಯ ಬಿಳಿಸೆರಗು ನಿಲ್ಲದೆ ಹೋದರೆ ಮಾತ್ರ ಆ ಒಂದು ವರ್ಷಕ್ಕೆ ಕಾಯದೆ ಅದೇ ವಾರ ಸ್ತ್ರೀರೋಗ ತಜ್ಞರನ್ನು ಕಾಣಿ, ಹೋಗುವಾಗ ಈ ವರದಿಯನ್ನು ಜೊತೆಗೆ ಒಯ್ಯಿರಿ.